ಕಡಕ್ ರೊಟ್ಟಿ ಮೆತ್ತಗಾದ ಊರಿಂದ

ದೋಸ್ತ,

ತೊಗರಿ ರಾಶಿ ಮುಗೀತೇನು? ನೀ ಹೊಲ ಬಿಟ್ಟು ಬರಲಿಲ್ಲ, ಅದಕ್ಕ ನಿನ್ನ ಪಾಲಿಂದೂ ನಾನೇ ನೋಡಿ ಬಂದೀನಿ. ಉಡುಪಿಯಿಂದ ಮಂಗಳೂರಿಗೆ ಹೋಗೋ ಹಾದ್ಯಾಗ ಕಾಪು ಅಂತ ಊರದ. ಅಲ್ಲಿ ಸಮುದ್ರದ ದಂಡಿಗೇ ದೊಡ್ಡ ಬಂಡೆಗಲ್ಲು, ಅದರ ಮ್ಯಾಲ ದೀಪಸ್ತಂಭ. 1901ರಾಗ ಕಟ್ಟಿದ್ದು.

ಮೊದಲು ನನ್ನ ಪಜೀತಿ ಕೇಳು. ನಮ್ಮ ಬೀದರದ ಥಂಡಿಗೆ ಹಾಕ್ಕೊಂಡಿದ್ದ ಸ್ವೆಟರಿನ್ಯಾಗೇ ಅಲ್ಲಿ ಇಳಿದೆ. ಮೈಯೆಲ್ಲಾ ಬೆವರು. ಒಬ್ಬಾಂವ ಬಂದು "ಬೊಂಡ ಕುಡೀತೀರಾ ಮಾರಾಯ್ರೆ?" ಅಂದ. ಬೊಂಡಾ ಕುಡಿಯೋದು ಹ್ಯಾಂಗಪ್ಪಾ ಅಂತ ಮಾರಿ ನೋಡಿದೆ. ಎಳನೀರಿಗೆ ಅವರು ಬೊಂಡ ಅಂತಾರಂತ! ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ ನಮ್ಮಲ್ಲಿ ವಾರಗಟ್ಟಲೆ ಕಟ್ ಅಂತಾವಲ್ಲಾ, ಅಲ್ಲಿ ಒಂದು ರಾತ್ರಿ ಕಳೆಯೋದ್ರಾಗ ಅರಿವಿ ಹಂಗ ಮಡಚಾಕ ಬಂದ್ವು. ಶೇಂಗಾ ಹಿಂಡಿನೂ ಉಂಡಿ ಕಟ್ಟಿತ್ತು. ಆದ್ರೂ ಬಿಡಲಿಲ್ಲ, ಬಂಡೆ ಮ್ಯಾಲ ಕುಂತು ತಿಂದೆ.

ಸಂಜಿಗೆ ಮ್ಯಾಲ ಬಿಟ್ರು. ಸುತ್ತಿ ಸುತ್ತಿ ಏರೋ ಮೆಟ್ಟಿಲು. ಏದುಸಿರು ಬಿಡ್ತಾ ನಮ್ಮ ಬೀದರದ ಹಳೇ ಕಾವಲು ಗೋಪುರ ಚೌಬಾರಾ ನೆನಪಾಯ್ತು. ನಮ್ಮದು 71 ಫೂಟು, ಇದು ಸುಮಾರು 27 ಮೀಟರ್, ಅಂದ್ರ ಮೂರಾಳಿನಷ್ಟು ಜಾಸ್ತಿ. ತುದಿಗೆ ನಿಂತ್ರ ಎಡಕ್ಕೂ ಬಲಕ್ಕೂ ಉಸುಕು, ಹಿಂದ ತೆಂಗು, ಮುಂದ ಬರೇ ನೀರು. ಗಾಳಿಗೆ ಟೊಪಗಿ ಹಾರಿಹೋಗ್ತಿತ್ತು.

ಚೌಬಾರಾದ ಮ್ಯಾಲ ನಿಂತಾಂವ ದೂರದಿಂದ ಯಾರು ಬರ್ತಾರ ಅಂತ ನೋಡ್ತಿದ್ದ. ಇಲ್ಲಿ ಉಲ್ಟಾ, ನೋಡ್ರಿ ನಾ ಇಲ್ಲೀನಿ ಅಂತ ತನ್ನನ್ನೇ ತೋರಿಸೋದು ಇದರ ಕೆಲಸ. ಹಗಲಿಗೆ ಕರಿ-ಬಿಳಿ ಪಟ್ಟಿ, ರಾತ್ರಿಗೆ ಬೆಳಕು. ಒಂದೊಂದು ದೀಪಸ್ತಂಭದ ಮಿಂಚಿಗೂ ಬ್ಯಾರೆ ಬ್ಯಾರೆ ಲೆಕ್ಕ ಇರ್ತದ. ಎಷ್ಟು ಸಲ ಮಿಂಚಿತು, ನಡುವ ಎಷ್ಟು ಸೆಕೆಂಡ್ ಕತ್ತಲ ಅಂತ ಎಣಿಸಿ ಹಡಗಿನವರು ತಾವು ಯಾವ ಊರಿನ ಎದುರಿಗೆ ಇದ್ದೀವಿ ಅಂತ ಗುರುತು ಹಿಡೀತಾರ. ನಾನೂ ಕೆಳಗ ಇಳಿದು ಕತ್ತಲಾಗೋ ತನಕ ಕುಂತು ಎಣಿಸಿದೆ. ಎರಡು ಸಲ ಲೆಕ್ಕ ತಪ್ಪಿತು, ಹಡಗು ನನ್ನ ಕೈಯಾಗ ಇರಲಿಲ್ಲ, ಪುಣ್ಯ.

ಇನ್ನೊಂದು ಹೇಳಲೇಬೇಕು. ಆ ಕಡೆ ಮನಿ ಗ್ವಾಡಿ, ಕಾಂಪೌಂಡು, ಬಾವಿ ಕಟ್ಟಿ ಎಲ್ಲಾ ತೂತು ತೂತಿನ ಕೆಂಪು ಕಲ್ಲು. ಮುರಕಲ್ಲು ಅಂತಾರ. ನಮ್ಮ ಕಿಲ್ಲಾದ ಕಂದಕ ಕಡಿದಿದ್ದೂ, ನೆಲದೊಳಗ ನೀರು ಹರಿಸೋ ಕರೇಜಿನ ಸುರಂಗ ಕೊರೆದಿದ್ದೂ ಇಂಥಾದ್ರಾಗೇ ಅಲ್ಲೇನು? ರಾಜ್ಯದ ಆ ತುದಿಗೆ ಹೋಗಿ, ಮಾತು ತಿಳೀದೇ, ರೊಟ್ಟಿ ಕೆಟ್ಟು ಕುಂತಾಗ ಒಂದು ಕಾಂಪೌಂಡಿನ ಗ್ವಾಡಿ ಮುಟ್ಟಿ ನೋಡಿದೆ. ಮನಿ ಹಿತ್ತಲದಾಗ ನಿಂತಂಗ ಆಯ್ತು. ಯಾರೋ ಒಳಗಿಂದ ಏನು ಬೇಕು ಅಂತ ಕೇಳಿದ್ರು. ಏನಿಲ್ರಿ ಅಂದು ನಡದೆ.

ರಾಶಿ ಮುಗಿಸಿ ಮನಿಗೆ ಬಾ. ಸ್ವೆಟರಿನ ಜೇಬಿನ್ಯಾಗ ಇನ್ನೂ ಉಸುಕದ, ಅವ್ವಗ ಒಗಿಯಾಕ ಕೊಟ್ಟಿಲ್ಲ.

ನಿನ್ನ ದೋಸ್ತ,
ಬೀದರ