ಫೋನಲ್ಲಿ ಕೌನ್ಸೆಲಿಂಗ್ ಸರಿ, ಮಾತಾಡೋಕೆ ಜಾಗ ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರಲ್ಲಿ ಸರ್ಕಾರದ ಫೋನ್ ಕೌನ್ಸೆಲಿಂಗ್ ಟೆಲಿ ಮಾನಸ್ ಬಗ್ಗೆ ಬಂದಿತ್ತಲ್ಲ, ಮನಸ್ಸಿಗೆ ಕಷ್ಟ ಆದ್ರೆ 14416ಕ್ಕೆ ಫೋನ್ ಮಾಡಿ ಅಂತ, ಅದನ್ನ ಓದಿ ಬರೀತಾ ಇದ್ದೇನೆ. ನಾನು ಮಾಡಿ ನೋಡಿದವಳು. 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು ಅದು, ಹಿಂದೆ ಬೆಂಗಳೂರಿನ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್ ಅದೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಎಲ್ಲಾ ಸರಿ. ಆದ್ರೆ ಶಿರಸಿ ಕಡೆ ಹಳ್ಳಿಮನೇಲಿ ಇದ್ಕೊಂಡು ಗಂಡ-ಅತ್ತೆ ವಿಷಯ ಎಲ್ಲಿ ಕೂತು ಮಾತಾಡೋದು ಅಂತ ಯಾರೂ ಬರೆಯೋದಿಲ್ಲ.

ನಮ್ಮದು ಹಳೇ ಮನೆ. ಒಳಗಿನ ಕೋಣೇಲಿ ಕೆಮ್ಮಿದ್ರೆ ಜಗುಲಿಗೆ ಕೇಳ್ತದೆ, ಜಗುಲೀಲಿ ಮಾವ ಎಲೆಅಡಿಕೆ ಕವಳ ಹಾಕ್ತಾ ಕೂತಿರ್ತಾರೆ. ಬಾಗಿಲು ಹಾಕಿ ಕೂರಬಹುದಾದ, ವೈಫೈ ಸಿಗೋ ಕೋಣೆ ಒಂದೇ, ಅದು ನಮ್ಮನೆಯವರ ಆಫೀಸು. ಲಾಕ್‌ಡೌನಲ್ಲಿ ಬೆಂಗಳೂರಿಂದ ಬಂದವ್ರು ವರ್ಕ್ ಫ್ರಮ್ ಹೋಮ್ ಅಂತ ಇಲ್ಲೇ ಉಳಿದ್ರು. ತಕರಾರು ಶುರುವಾಗಿದ್ದೇ ಅಲ್ಲಿಂದ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋಕೆ ಮರ ಹತ್ತೋ ಕೊನೆಗೌಡ ಬಂದ ದಿನವೇ ಇವರಿಗೆ ಮೀಟಿಂಗ್ ಇರ್ತದೆ, ಮಗ ಮನೇಲೇ ಇದ್ರೂ ತೋಟಕ್ಕೆ ಬರೋದಿಲ್ಲ ಅಂತ ಮಾವನಿಗೆ ಸಿಟ್ಟು, ಆ ಔಷಧಿಗೆ ಮೈಲುತುತ್ತ ಕಲಸೋದೂ ಆಫೀಸಿನ ಕೆಲಸವೂ ಒಟ್ಟಿಗೆ ಆಗೋದಿಲ್ಲ ಅಂತ ಇವರಿಗೆ ಸಿಟ್ಟು, ಇಬ್ಬರೂ ಎದುರೆದುರು ಮಾತಾಡೋದಿಲ್ಲ, ಎರಡೂ ಸಿಟ್ಟು ಬಂದು ಬೀಳೋದು ಚಾ ಕೊಡೋಕೆ ಹೋದ ನನ್ನ ಮೇಲೆ.

ಮೊದಲು ಒಂದು ಕೌನ್ಸೆಲಿಂಗ್ ಆ್ಯಪಲ್ಲಿ ದುಡ್ಡು ಕೊಟ್ಟು ನೋಡಿದೆ, ಐವತ್ತು ನಿಮಿಷಕ್ಕೆ 1200 ರೂಪಾಯಿ. ಆ ಮೇಡಂ ಅರ್ಧ ಇಂಗ್ಲಿಷಲ್ಲಿ ‘ಅತ್ತೆ ಜೊತೆ ಬೌಂಡರಿ ಸೆಟ್ ಮಾಡ್ಕೊಳ್ಳಿ’ ಅಂದ್ರು. ನಮ್ಮಲ್ಲಿ ಬೌಂಡರಿ ಅಂದ್ರೆ ತೋಟದ ಸುತ್ತ ತೆಗೆದ ಅಗಳ ಮಾರಾಯ್ರೇ, ಅಡುಗೆಮನೇಲಿ ಅಗಳ ತೆಗೆಯೋದು ಹೇಗೆ? ನೀವು ಏನು ಓದಿದ್ದು ಅಂತ ಕೇಳಿದ್ರೆ ಸರಿಯಾಗಿ ಹೇಳಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಮಂಡಳಿಯ ರಿಜಿಸ್ಟ್ರೇಷನ್ ನಂಬರ್ ಇರಬೇಕು, ಸೈಕಿಯಾಟ್ರಿಸ್ಟ್ ಅಂದ್ರೆ ಮೆಡಿಕಲ್ ಕೌನ್ಸಿಲ್ ನಂಬರ್ ಇರಬೇಕು, ಕೋಚ್ ಅಂತ ಮಾತ್ರ ಯಾರು ಬೇಕಾದ್ರೂ ಬೋರ್ಡ್ ಹಾಕ್ಬಹುದು, ಇದು ನನಗೆ ಆಮೇಲೆ ಗೊತ್ತಾಗಿದ್ದು. ದುಡ್ಡು ಕಟ್ಟೋ ಮೊದಲು ಕೇಳಿ, ನಾಚಿಕೆ ಬೇಡ.

ಅದಾದ್ಮೇಲೆ 14416. ಮನೇಲಿ ಆಗೋದಿಲ್ಲ ಅಂತ ಸೊಪ್ಪಿನ ಬೆಟ್ಟ ಹತ್ತಿದೆ, ಆಷಾಢದ ಮಳೆ, ಒಂದು ಕೈಲಿ ಕೊಡೆ ಒಂದು ಕೈಲಿ ಫೋನು, ಕಾಲಿಗೆ ಉಂಬಳ. ಆಚೆ ಕಡೆ ಹುಡುಗಿ ಒಳ್ಳೆಯವಳು. ನಿದ್ದೆ ಹೇಗೆ, ಊಟ ಹೇಗೆ, ಜೀವ ಕಳ್ಕೊಳ್ಳೋ ಯೋಚನೆ ಏನಾದ್ರೂ ಬರ್ತದಾ ಅಂತ ನೇರಾನೇರ ಕೇಳಿದ್ಲು, ಇಲ್ಲ ಅಂದೆ, ಆದ್ರೂ ಅಳು ಬಂತು, ಅಷ್ಟು ಹೊತ್ತು ನನ್ನ ಮಾತನ್ನ ಮಧ್ಯ ಬಾಯಿ ಹಾಕದೆ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಸಿಗ್ನಲ್ ಹೋಯ್ತು. ಕೆಳಗೆ ಬರೋವಷ್ಟರಲ್ಲಿ ಆಚೆಮನೆ ಚಿಕ್ಕಮ್ಮ ನೋಡಿಯಾಗಿತ್ತು, ರಾತ್ರಿ ಅತ್ತೆ ಕೇಳಿದ್ರು, “ಎಂತ ತಂಗಿ, ಬೆಟ್ಟದಲ್ಲಿ ಯಾರ ಫೋನು?”

ನಾನು ಕೇಳೋದು ಇಷ್ಟೇ. ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು ಇಟ್ಟಿದ್ದಾರೆ, ಸುಮಾರು ಕಡೆ ಕಂಪ್ಯೂಟರ್ರೂ ಬಂದದೆ. ಅಲ್ಲೇ ಬಾಗಿಲು ಇರೋ ಒಂದು ಸಣ್ಣ ಕೋಣೆ, ಒಂದು ನೆಟ್ ಕನೆಕ್ಷನ್, ಯಾಕೆ ಬಂದ್ರಿ ಅಂತ ಕೇಳದೆ ಇರೋ ಒಬ್ಬರು. ಲೈಬ್ರರಿಗೆ ಹೋಗ್ತೇನೆ ಅಂದ್ರೆ ಮನೇಲಿ ಯಾರೂ ಏನೂ ಹೇಳೋದಿಲ್ಲ. ಇಲ್ಲಿಂದ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಆಗಲಿ ಕಾರವಾರದ ಮೆಡಿಕಲ್ ಕಾಲೇಜ್ ಆಗಲಿ ನೂರು ಕಿಲೋಮೀಟರ್ ಮೇಲೆ, ಹೋಗಿ ಬರೋಕೆ ಒಂದು ದಿನ ಬೇಕು, ಮನೇಲಿ ಎಂತ ಹೇಳಿ ಹೊರಡೋದು? 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ನಮ್ಮ ವಿಷಯ ಗುಟ್ಟಾಗಿ ಇರಬೇಕು ಅನ್ನೋ ಹಕ್ಕು ಬರೆದಿದ್ದಾರೆ, ಬೆಟ್ಟದಲ್ಲಿ ಕೂಗಿ ಮಾತಾಡೋರಿಗೆ ಅದು ಎಲ್ಲಿಂದ ಬರಬೇಕು.

ಹೊಡೆತ ಬಡಿತ ಇರೋ ಮನೆ ವಿಷಯ ಬೇರೆ, ಅಲ್ಲಿ ಕೌನ್ಸೆಲಿಂಗಿಗೆ ಕಾಯ್ತಾ ಕೂರೋದಲ್ಲ, ತುರ್ತು ನಂಬರ್ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಮಾಡಬೇಕು.

ದಯವಿಟ್ಟು ಹೆಸರು ಹಾಕಬೇಡಿ. ಊರ ಹೆಸರೂ ಬೇಡ, ನಮ್ಮಲ್ಲಿ ಪೇಪರನ್ನ ಮೊದಲು ಓದೋದು ಮಾವ.

ಒಬ್ಬ ಓದುಗಿ, ಶಿರಸಿ ತಾಲೂಕು