ಬೋಟಿನ ಒಳಕೆಲಸಕ್ಕೆ ಇನ್ನು ಎರಡು ದಿನ ಹೆಚ್ಚು

ಮಾನ್ಯ ಬೋಟು ಮಾಲಕರೇ, ಬೋಟು ನಡೆಸುವ ತಂಡೇಲರೇ,

ನಮಸ್ಕಾರ. ಮಳೆಗಾಲದಲ್ಲಿ ಬೋಟಿನಿಂದ ಬಲೆ ಎಳೆದು ಮೀನು ಹಿಡಿಯಬಾರದೆಂಬ ಟ್ರಾಲಿಂಗ್ ನಿಷೇಧದ 52 ದಿನಗಳಲ್ಲಿ ಮಂಜೇಶ್ವರದ ನಮ್ಮ ಶೆಡ್ಡಿಗೆ ಬೋಟುಗಳು ಸಾಲುಗಟ್ಟುತ್ತವೆ. ಎಲ್ಲರದ್ದೂ ಒಂದೇ ಮಾತು: ಆಗಸ್ಟ್ 1ಕ್ಕೆ ಕಡಲಿಗೆ ಇಳಿಯಬೇಕು. ಆ ಅವಸರಕ್ಕೆ ನಾವೂ ಬಗ್ಗಿದೆವು. ಒಳಗಿನ ಹಲಗೆ ಒರೆಸಿ, ಬಣ್ಣ ಬಳಿದು, ವಯರಿಂಗ್ ಮುಚ್ಚಿ ಕೊಟ್ಟೆವು. ಕಳೆದ ವರ್ಷ ಹಾಗೆ ಕೊಟ್ಟ ಒಂದು ಕ್ಯಾಬಿನ್ ದೀಪಾವಳಿಗೆ ಮೊದಲೇ ವಾಪಸು ಬಂತು. ಬಣ್ಣ ಗುಳ್ಳೆ ಎದ್ದಿತ್ತು. ಸ್ವಿಚ್‌ಬೋರ್ಡ್ ಬಿಚ್ಚಿದರೆ ತಂತಿಯೆಲ್ಲ ಹಸಿರು. ತಪ್ಪು ನಮ್ಮದೇ. ಬಿಲ್ ಹಾಕದೆ ಪುನಃ ಮಾಡಿಕೊಟ್ಟೆವು.

ಹಾಗಾಗಿ ಈ ಸಲದಿಂದ ಸಿಹಿನೀರಿನಲ್ಲಿ ತೊಳೆದು, ಫ್ಯಾನ್ ಇಟ್ಟು ಒಣಗಿಸದೆ ಯಾವ ಬೋಟಿನ ಒಳಭಾಗವನ್ನೂ ಮುಚ್ಚುವುದಿಲ್ಲ. ಅದಕ್ಕೆ ಎರಡು ದಿನ ಹೆಚ್ಚು ಬೇಕು.

ಒರೆಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಆರಿದರೂ ಉಪ್ಪು ಸಂದಿಯಲ್ಲೇ ಕೂತಿರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕಲ್ಲುಪ್ಪಿನ ಭರಣಿ ನೀರು ಬಿಡುವುದನ್ನು ಕಂಡವರಿಗೆ ಮುಂದಿನದ್ದು ಗೊತ್ತು. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪೇ ಕರಗತೊಡಗುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಅದಕ್ಕೂ ಮೊದಲೇ ಒದ್ದೆ. ನಮ್ಮ ಮಳೆಗಾಲದಲ್ಲಿ ಅದು ತಾನಾಗಿ ಒಣಗುವ ದಿನವೇ ಇಲ್ಲ. ಅದರ ಮೇಲೆ ಬಣ್ಣ ಹೊಡೆಯುವುದೆಂದರೆ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ.

ತೊಳೆಯಲು ಬಾವಿ ನೀರೇ ಆಗಬೇಕು. ಹೊಳೆ ಎದುರಿಗೇ ಇದೆಯಲ್ಲ ಎನ್ನಬೇಡಿ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಯ ಉಪ್ಪು ಕುಡಿಯುವ ನೀರೆತ್ತುವ ಬಾವಿಕ್ಕೆರೆಗೆ ಏರಿ ಕಾಸರಗೋಡಿನ ನಲ್ಲಿಯಲ್ಲೇ ಉಪ್ಪುನೀರು ಬಂದದ್ದು ಯಾರಿಗೆ ಮರೆತೀತು? ಅಳಿವೆಯ ನೀರಂತೂ ಅರ್ಧ ಕಡಲು. ತೊಳೆದ ಮೇಲೆ ಹಲಗೆಗೆ ಬೆರಳೊತ್ತಿ ನಾಲಿಗೆಗೆ ಮುಟ್ಟಿಸಿ ನೋಡುತ್ತೇವೆ. ನಗಬೇಡಿ, ಇದಕ್ಕಿಂತ ಅಗ್ಗದ ಮೀಟರ್ ನಮಗೆ ಸಿಕ್ಕಿಲ್ಲ. ಎಂಜಿನ್ ಕೋಣೆಯಲ್ಲಿ ಮಾತ್ರ ಈ ಪರೀಕ್ಷೆ ಮಾಡುವುದಿಲ್ಲ.

ಬರಿ ತಾಮ್ರದ ವಯರಿನ ಬದಲು ತವರ ಲೇಪಿಸಿದ ತಾಮ್ರದ ವಯರ್, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಬದಲು 316 ದರ್ಜೆಯದ್ದು ಹಾಕುತ್ತೇವೆ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಹೆಚ್ಚು ತಾಳುತ್ತದೆ. ತುಕ್ಕೇ ಹಿಡಿಯದು ಎಂಬ ಭರವಸೆ ಕೊಡಲಾರೆವು. ಸಾಮಾನಿನ ಬೆಲೆವ್ಯತ್ಯಾಸ ನಿಮ್ಮದು, ತೊಳೆಯುವ ಕೂಲಿ ನಮ್ಮದು.

ನಿಮ್ಮಲ್ಲೊಂದು ಕೇಳಿಕೆ. ಒದ್ದೆ ಬಲೆ, ಹಗ್ಗ, ರೈನ್‌ಕೋಟು ಕ್ಯಾಬಿನ್ನಿನೊಳಗೆ ಬಿಸಾಡಬೇಡಿ. ಬೋಟು ನಿಲ್ಲಿಸುವಾಗ ಟಾರ್ಪಾಲನ್ನು ನಾಲ್ಕೂ ಸುತ್ತ ಬಿಗಿಯದೆ ಗಾಳಿಯಾಡಲು ಎರಡು ಕಡೆ ಸಂದಿ ಬಿಡಿ.

ಒಳಕೆಲಸ ಇರುವವರು ಜೂನ್ ಮೊದಲ ವಾರದಲ್ಲೇ ಹೆಸರು ಕೊಡಿ. ಜುಲೈ 20ರ ನಂತರ ಬಂದ ಬೋಟಿಗೆ ಎಂಜಿನ್ ಮತ್ತು ಹೊರಮೈ ಕೆಲಸ ಮಾತ್ರ.

ಇತಿ,
ಬೋಟು ದುರಸ್ತಿ ಶೆಡ್ಡಿನವರು, ಮಂಜೇಶ್ವರ