ಮಗಳಿಗೊಂದು ಪತ್ರ: ಚೀಟಿ ಎತ್ತಿ ಸೈನ್ಯಕ್ಕೆ ಕರೆದಾಗ

ಪ್ರೀತಿಯ ಪುಟ್ಟಿ,

ಚೀಟಿ ಎತ್ತಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ಬರೆದಿದ್ದೀಯ. ಎತ್ತುವ ಮುಂಚೆ ಹೇಗೆ ಬೆರೆಸಿದರು ಅಂತ ಮೊದಲು ಕೇಳಬೇಕು ಮಗಳೇ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕ ಹುಡುಗರನ್ನು ಆರಿಸಿದ ಬಗೆ ನೋಡು.

1969ರವರೆಗೆ ಯಾರನ್ನು ಕರೆಯಬೇಕೆಂದು ಆಯಾ ಊರಿನ ಡ್ರಾಫ್ಟ್ ಬೋರ್ಡ್, ಅಂದರೆ ಸೈನ್ಯಕ್ಕೆ ಕಡ್ಡಾಯವಾಗಿ ಕರೆಯುವ ಸಮಿತಿ, ತೀರ್ಮಾನಿಸುತ್ತಿತ್ತು. ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ, ಉಳಿದವರಿಗೆ 26 ತುಂಬುವವರೆಗೂ ಯಾವಾಗ ಕರೆ ಬರುತ್ತದೋ ಎಂಬ ಭಯ. ಈ ತಾರತಮ್ಯ ತಪ್ಪಿಸಲೆಂದೇ ಲಾಟರಿ ತಂದರು.

1969ರ ಡಿಸೆಂಬರ್ 1, ವಾಷಿಂಗ್ಟನ್. 366 ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲು, ಒಂದೊಂದರಲ್ಲಿ ಒಂದು ಹುಟ್ಟಿದ ದಿನ. 1944ರಿಂದ 1950ರವರೆಗೆ ಹುಟ್ಟಿದವರಿಗೆ ಈ ಲಾಟರಿ. ಮೊದಲು ಬಂದದ್ದು ಸೆಪ್ಟೆಂಬರ್ 14. ಅಂದು ಹುಟ್ಟಿದವರಿಗೆಲ್ಲ ಸಂಖ್ಯೆ 1, ಅಂದರೆ ಮೊದಲ ಕರೆ. ಮುಂದಿನ ವರ್ಷ 195ರವರೆಗೆ ಕರೆ ಹೋಯಿತು. ಒಂದೇ ದಿನ ಹುಟ್ಟಿದವರಲ್ಲಿ ಯಾರು ಮೊದಲು ಅನ್ನುವುದನ್ನು ಹೆಸರಿನ ಮೊದಲ ಅಕ್ಷರದಿಂದ ತೀರ್ಮಾನಿಸಲು ಇಂಗ್ಲಿಷಿನ 26 ಅಕ್ಷರಗಳನ್ನೂ ಬೇರೆಯಾಗಿ ಎತ್ತಿದ್ದರು.

ಎಡವಿದ್ದು ಬೆರೆಸುವಲ್ಲಿ. ಮೊದಲು ಜನವರಿಯ 31 ಕ್ಯಾಪ್ಸೂಲು ಪೆಟ್ಟಿಗೆಗೆ ಹಾಕಿ ರಟ್ಟಿನಿಂದ ಒಂದು ಬದಿಗೆ ಸರಿಸಿದರು. ಖಾಲಿ ಜಾಗಕ್ಕೆ ಫೆಬ್ರವರಿಯ 29 ಸುರಿದು, ಎರಡನ್ನೂ ಬೆರೆಸಿದರು. ಆಮೇಲೆ ಮಾರ್ಚ್, ಹೀಗೇ ಕೊನೆಯವರೆಗೆ. ಲೆಕ್ಕ ಹಾಕು: ಜನವರಿ 11 ಸಲ ಬೆರೆಯಿತು, ಡಿಸೆಂಬರ್ ಒಂದೇ ಸಲ. ಬಳಿಕ ಪೆಟ್ಟಿಗೆಯನ್ನು ನಾಲ್ಕಾರು ಸಲ ಕುಲುಕಿ, ಎರಡು ಅಡಿ ಆಳದ ಗಾಜಿನ ಜಾಡಿಗೆ ಸುರಿದರು. ಕೈ ಹಾಕಿದವರು ಹೆಚ್ಚಾಗಿ ಮೇಲಿನವನ್ನೇ ಎತ್ತಿದರು.

ಸರಿಯಾಗಿ ಬೆರೆತಿದ್ದರೆ ಪ್ರತಿ ತಿಂಗಳ ಸರಾಸರಿ ಸಂಖ್ಯೆ 183.5ರ ಆಸುಪಾಸಿನಲ್ಲಿ ಇರಬೇಕಿತ್ತು. ಜನವರಿಗೆ 201.2 ಬಂತು, ಡಿಸೆಂಬರಿಗೆ 121.5. ಡಿಸೆಂಬರಿನ 31 ದಿನಗಳಲ್ಲಿ 195 ದಾಟಿ ಉಳಿದದ್ದು ಐದೇ ತಾರೀಖು: 2, 12, 15, 17, 19. ಸಮನಾಗಿ ಹಂಚಿದ್ದರೆ ಸುಮಾರು ಹದಿನಾಲ್ಕು ದಿನ ಉಳಿಯಬೇಕಿತ್ತು. ಯಾರೂ ಮೋಸ ಮಾಡಲಿಲ್ಲ, ಒಪ್ಪುತ್ತೇನೆ. ಆದರೆ ಪ್ರಾಣಕ್ಕೆ ಸಂಬಂಧಿಸಿದ ಕೆಲಸದಲ್ಲಿ ಇಂಥ ಅಸಡ್ಡೆಯನ್ನು ನಾನು ಸಣ್ಣ ತಪ್ಪು ಅನ್ನಲಾರೆ.

1970ರ ಜುಲೈ 1ರಂದು, 1951ರಲ್ಲಿ ಹುಟ್ಟಿದವರ ಸರದಿ ಬಂದಾಗ ಎರಡು ಡ್ರಮ್ ಇಟ್ಟರು. ಒಂದರಲ್ಲಿ ದಿನಾಂಕ, ಇನ್ನೊಂದರಲ್ಲಿ ಸಂಖ್ಯೆ. ಒಂದೊಂದು ಎತ್ತಿ ಜೋಡಿಸಿದರು. ಒಳಗೆ ಹಾಕುವ ಕ್ರಮವನ್ನೂ ಯಾದೃಚ್ಛಿಕ ಪಟ್ಟಿ ನೋಡಿಯೇ ನಿಗದಿ ಮಾಡಿದ್ದರು. ಒಂದು ಡ್ರಮ್ ಸರಿಯಾಗಿ ಬೆರೆಯದಿದ್ದರೂ ಇನ್ನೊಂದು ಕಾಯುತ್ತದೆ. ಆದರೆ 1969ರ ಫಲಿತಾಂಶ ರದ್ದಾಗಲಿಲ್ಲ. ಡಿಸೆಂಬರಿನ ಹುಡುಗರು ಅದೇ ಸಂಖ್ಯೆಯ ಮೇಲೆ ಹೋದರು.

ನಿನ್ನ ಅಪ್ಪ